ಹೊಸ ಕೇಸಾ, ಒಮ್ಮೆ ಹೊಡೆದ ಕೇಸಾ? ರೈಫಲ್ ತೋಟಾ ಕೈಯಲ್ಲಿ ತುಂಬುವ ಬಗ್ಗೆ ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋವಿ, ಆಯುಧಗಳನ್ನು ಪೂಜಿಸುವ ಕೈಲ್ ಪೋಳ್ದ್ ಹಬ್ಬ ಹತ್ತಿರ ಬಂತೆಂದರೆ ನಮ್ಮ ಕಡೆ ಕೋವಿಯ ಮಾತು ಜೋರಾಗುತ್ತದೆ. ಕೋವಿಗಳು ಹೊರಬರುತ್ತವೆ, ಎಣ್ಣೆ ಕಾಣುತ್ತವೆ, ತೋಕ್ ಪೂ ಅನ್ನುವ ಹೂವು ಮುಡಿಯುತ್ತವೆ. ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಶುರುವಾಗುತ್ತದೆ. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಇರುವ ಮಕ್ಕಳು, ಅಣ್ಣತಮ್ಮಂದಿರು ರಜೆಗೆ ಬಂದಾಗ ಅಲ್ಲಿ ತಮ್ಮ ತೋಟಾವನ್ನು ತಾವೇ ತುಂಬಿಕೊಳ್ಳುವ ವಿಷಯ ಹೇಳುತ್ತಾರೆ. ಆಮೇಲೆ ಪ್ರಶ್ನೆಗಳು ಬರುತ್ತವೆ. ಅದರಲ್ಲೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಹೊಸ ಹಿತ್ತಾಳೆ ಕೇಸ್ (ತೋಟಾದ ಹೊರಗವಚ) ಒಳ್ಳೆಯದಾ, ಒಮ್ಮೆ ಹೊಡೆದದ್ದು ಸಾಕಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೇಸ್ ಹೊಸದಾ ಹಳೆಯದಾ ಅನ್ನುವುದಕ್ಕಿಂತ, ಅದು ಯಾವ ರೈಫಲ್‌ನಲ್ಲಿ ಎಷ್ಟು ಸಲ ಹೊಡೆದದ್ದು ಅಂತ ನಿಮಗೆ ಗೊತ್ತಿದೆಯಾ ಅನ್ನುವುದು ದೊಡ್ಡ ವಿಷಯ. ಕೆಳಗಿನ ವಿವರವೆಲ್ಲ ಕಾನೂನು ಒಪ್ಪುವ ಕಡೆ ಈ ಕೆಲಸ ಮಾಡುವವರಿಗಾಗಿ, ಮತ್ತು ತಮ್ಮ ಕೋವಿಯೊಳಗೆ ಏನಾಗುತ್ತದೆ ಅಂತ ತಿಳಿಯಬೇಕೆನ್ನುವ ಎಲ್ಲರಿಗಾಗಿ. ಮದ್ದಿನ ಅಳತೆ ಇಲ್ಲಿ ಕೊಟ್ಟಿಲ್ಲ. ಅದನ್ನು ಮದ್ದು ತಯಾರಿಸುವ ಕಂಪನಿಯ ಪುಸ್ತಕದಿಂದ ಮಾತ್ರ ತೆಗೆದುಕೊಳ್ಳಬೇಕು.

ನಮಗೆ ಕೋವಿ ವಿನಾಯಿತಿ ಇದೆಯಲ್ಲ. ಹಾಗಾದರೆ ಮನೆಯಲ್ಲೇ ತೋಟಾ ತುಂಬಬಹುದಲ್ವಾ?

ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತುಂಬಾ ಜನ ಇಲ್ಲೇ ಎಡವುತ್ತಾರೆ.

1861ರಲ್ಲಿ, ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ, ಕೊಡವರಿಗೆ ಆಯುಧ ಇಟ್ಟುಕೊಳ್ಳಲು ವಿನಾಯಿತಿ ಸಿಕ್ಕಿತು. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. ಈಗ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಅದು ಅನ್ವಯಿಸುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್ ತನಕ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು.

ಆದರೆ ವಿನಾಯಿತಿ ಇರುವುದು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ, ಹಿಡಿದು ಓಡಾಡುವುದಕ್ಕೆ. ತೋಟಾ ತಯಾರಿಸುವುದು ಬೇರೆ ವಿಷಯ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ಅಥವಾ ಮದ್ದುಗುಂಡು ತಯಾರಿಸಲು, ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದಮೇಲೆ, ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಶಿಕ್ಷೆ ಕನಿಷ್ಠ 7 ವರ್ಷ ಜೈಲು, ಜೀವಾವಧಿ ತನಕವೂ ಹೋಗಬಹುದು. ಆ ಕಾಯ್ದೆಯಲ್ಲಿ ‘ಮದ್ದುಗುಂಡು’ ಅನ್ನುವುದರ ಒಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರುತ್ತವೆ. ಹಾಗಾಗಿ ‘ಬರೀ ಪ್ರೆಸ್ (ತೋಟಾ ತುಂಬುವ ಯಂತ್ರ) ತಂದಿಟ್ಟಿದ್ದೇನೆ, ತುಂಬಿಲ್ಲ’ ಅಂದರೂ ಬಚಾವಾಗುವುದು ಕಷ್ಟ.

ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದುಬಂದ ಹಕ್ಕು ಇದು. ಒಬ್ಬರ ಆಸೆಗೆ ಅದರ ಹೆಸರು ಕೆಡಬಾರದು.

ಕೇಸ್‌ನ ಕೆಲಸ ಏನು? ಸುಮ್ನೆ ಮದ್ದು ಹಿಡಿದಿಡುವ ಡಬ್ಬ ಅಲ್ವಾ?

ಡಬ್ಬ ಅಂದುಕೊಂಡೇ ಜನ ಅದನ್ನು ಹಗುರವಾಗಿ ನೋಡುತ್ತಾರೆ. ಪ್ರೈಮರ್ (ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಬಿಲ್ಲೆ), ಮದ್ದು, ಗುಂಡು ಮೂರನ್ನೂ ಜೊತೆಗಿಡುವುದು ಅದರ ಸಣ್ಣ ಕೆಲಸ. ದೊಡ್ಡ ಕೆಲಸ ಇರುವುದು ಕೋವಿಯ ಕುದುರೆ (ಟ್ರಿಗರ್) ಎಳೆದ ಮೇಲೆ.

ಮದ್ದು ಉರಿದಾಗ ಪಾಯಿಂಟ್ 30-06ರಂಥ ರೈಫಲ್‌ನ ಚೇಂಬರಿನಲ್ಲಿ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಚದರ ಇಂಚಿಗೆ 60,000 ಪೌಂಡ್‌ವರೆಗೆ ಒತ್ತಡ ಏರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಮೂವತ್ತು ಚಿಲ್ಲರೆ ಪೌಂಡ್. ಆ ಕ್ಷಣದಲ್ಲಿ ಕೇಸ್ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿ ಕೂರುತ್ತದೆ. ಹಾಗೆ ಕೂತದ್ದರಿಂದಲೇ ಬಿಸಿ ಗಾಳಿ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ಬರುವುದಿಲ್ಲ. ಗುಂಡು ಹೊರಗೆ ಹೋಗಿ ಒತ್ತಡ ಇಳಿದಾಗ ಹಿತ್ತಾಳೆ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ. ಅದಕ್ಕೇ ಚೇಂಬರಿನ ಹಿಂಬದಿ ಮುಚ್ಚುವ ಬೋಲ್ಟ್ ಎಳೆದರೆ ಕೇಸ್ ಸಲೀಸಾಗಿ ಹೊರಬರುತ್ತದೆ.

ಇದಕ್ಕೆ ಬಳಸುವ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು ಇರುತ್ತದೆ. ಬುಡ ದಪ್ಪ ಮತ್ತು ಗಟ್ಟಿ. ಗುಂಡನ್ನು ಹಿಡಿಯುವ ಕುತ್ತಿಗೆ ತೆಳು ಮತ್ತು ಮೆತ್ತಗೆ. ಒಂದೇ ತುಂಡು ಲೋಹದಲ್ಲಿ ಎರಡು ಬಗೆಯ ಹದ ಇರುವುದು ಬೇಕೆಂದೇ ಮಾಡಿದ್ದು. ಮುಂದಿನ ಎಷ್ಟೋ ಉತ್ತರಗಳು ಈ ಒಂದು ವಿಷಯದ ಮೇಲೆ ನಿಂತಿವೆ.

ಸ್ಪರ್ಧೆಯ ಮೈದಾನದಲ್ಲಿ ಪಾಯಿಂಟ್ 22 ಖಾಲಿ ಕೇಸ್ ರಾಶಿ ಬಿದ್ದಿರುತ್ತದೆ. ಅದನ್ನು ಮತ್ತೆ ತುಂಬಬಹುದಾ?

ಆಗುವುದಿಲ್ಲ. ಪಾಯಿಂಟ್ 22ರಲ್ಲಿ ಬೇರೆ ಪ್ರೈಮರ್ ಇಲ್ಲ. ಬೆಂಕಿ ಹೊತ್ತುವ ಮಸಾಲೆ ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಕೋವಿಯ ಪಿನ್ನು ಆ ಅಂಚನ್ನು ಜಜ್ಜಿದರೆ ಆ ಕೇಸ್‌ನ ಆಯುಷ್ಯ ಮುಗಿಯಿತು. ಈ ಪುಟದ ಮಾತೆಲ್ಲ ಬುಡದ ನಡುವೆ ಪ್ರೈಮರ್ ಇರುವ ರೈಫಲ್ ಕೇಸ್‌ಗಳಿಗೆ ಮಾತ್ರ.

ಹೊಸ ಕೇಸ್ ಅಂದರೆ ಪ್ಯಾಕೆಟ್ ಒಡೆದು ಹಾಗೇ ತುಂಬಬಹುದಾ?

ಹಾಗೆ ಮಾಡುವವರಿದ್ದಾರೆ. ನಾನಾದರೆ ಒಪ್ಪುವುದಿಲ್ಲ. ಚೀಲದಲ್ಲಿ ಒಂದಕ್ಕೊಂದು ತಾಗಿ ಬಂದ ಕೇಸ್‌ಗಳ ಬಾಯಿ ತಗ್ಗಾಗಿರುತ್ತದೆ, ಕೆಲವು ಮೊಟ್ಟೆಯಾಕಾರಕ್ಕೆ ತಿರುಗಿರುತ್ತವೆ. ಡೈಯಲ್ಲಿ (ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು) ಒಮ್ಮೆ ಹಾಕಿ ಕುತ್ತಿಗೆ ದುಂಡಗೆ ಮಾಡಿಕೊಳ್ಳಬೇಕು. ಉದ್ದ ಅಳೆಯಬೇಕು. ಬಾಯಿಯ ಒಳ, ಹೊರ ಅಂಚು ಸ್ವಲ್ಪ ಸವರಬೇಕು, ಇಲ್ಲವಾದರೆ ಗುಂಡನ್ನು ಕೂರಿಸುವಾಗ ಅದರ ಮೈಯನ್ನು ಹೆರೆಯುತ್ತದೆ. ಪ್ರೈಮರಿನಿಂದ ಮದ್ದಿಗೆ ಬೆಂಕಿ ಹೋಗುವ ಸಣ್ಣ ತೂತಿನಲ್ಲಿ ಕೆಲವೊಮ್ಮೆ ಲೋಹದ ಚೂರು ನಿಂತಿರುತ್ತದೆ, ಅದನ್ನೂ ನೋಡಬೇಕು.

ಇನ್ನೊಂದು ವಿಷಯ. ಹೊಸ ಕೇಸನ್ನು ಎಲ್ಲ ರೈಫಲ್‌ಗೂ ಹಿಡಿಯುವಂತೆ ಬೇಕೆಂದೇ ಸ್ವಲ್ಪ ಸಣ್ಣದಾಗಿ ಮಾಡಿರುತ್ತಾರೆ. ಹಾಗಾಗಿ ಮೊದಲ ಸಲ ಹೊಡೆದಾಗ ಅದು ಜಾಸ್ತಿ ಹಿಗ್ಗುತ್ತದೆ. ನಿಮ್ಮ ಚೇಂಬರಿನ ಅಚ್ಚು ಅದರ ಮೇಲೆ ಬೀಳುವುದು ಆಗಲೇ.

ಹಾಗಾದರೆ ಒಮ್ಮೆ ಹೊಡೆದ ಕೇಸೇ ಮೇಲಾ?

ನಿಮ್ಮದೇ ರೈಫಲ್‌ನಲ್ಲಿ ಹೊಡೆದದ್ದಾದರೆ, ಹೌದು ಅಂತಲೇ ನನ್ನ ಅಭಿಪ್ರಾಯ. ಅದು ಈಗ ನಿಮ್ಮ ಚೇಂಬರಿನ ಅಳತೆಗೆ ಬಂದಿದೆ. ಮುಂದಿನ ಸಲ ಮೈ ಪೂರ್ತಿ ಒತ್ತದೆ ಕುತ್ತಿಗೆ ಮಾತ್ರ ಒತ್ತಿದರೂ, ಅಥವಾ ಭುಜವನ್ನು (ಕುತ್ತಿಗೆಯ ಕೆಳಗಿನ ಇಳಿಜಾರು) ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಿದರೂ ಸಾಕಾಗುತ್ತದೆ. ಲೋಹ ಕಡಿಮೆ ಅಲುಗಾಡುತ್ತದೆ, ಜಾಸ್ತಿ ಬಾಳುತ್ತದೆ. ಖರ್ಚಿನ ಮಟ್ಟಿಗೂ ಇದೇ ಸರಿ. ಮದ್ದು, ಪ್ರೈಮರ್, ಗುಂಡು ಒಂದು ಸಲಕ್ಕೆ ಮುಗಿಯುತ್ತವೆ, ಮತ್ತೆ ಕೆಲಸಕ್ಕೆ ಬರುವುದು ಕೇಸ್ ಒಂದೇ.

ಕುತ್ತಿಗೆ ಮಾತ್ರ ಒತ್ತಿದ ಕೇಸ್ ಕೆಲವು ಸಲದ ನಂತರ ಚೇಂಬರಿನಲ್ಲಿ ಬಿಗಿಯಾಗುತ್ತದೆ. ಬೋಲ್ಟ್ ಮುಚ್ಚಲು ಕೈಗೆ ಭಾರ ಅನಿಸಿದರೆ ಪೂರ್ತಿ ಒತ್ತುವ ಕಾಲ ಬಂತು ಅಂತ ತಿಳಿಯಿರಿ. ತಾನಾಗಿ ಮದ್ದುಗುಂಡು ಏರುವ ರೈಫಲ್‌ಗಳಿಗೆ ಪ್ರತಿ ಸಲವೂ ಪೂರ್ತಿ ಒತ್ತಲೇಬೇಕು.

ಬೇರೆಯವರು ಹೊಡೆದು ಬಿಟ್ಟುಹೋದ ಕೇಸ್ ಹೆಕ್ಕಿ ತರಬಹುದಾ?

ಯಾರದ್ದು, ಎಷ್ಟನೇ ಸಲದ್ದು ಅಂತ ಗೊತ್ತಿಲ್ಲದ ಕೇಸನ್ನು ನಾನು ಮುಟ್ಟುವುದಿಲ್ಲ. ಹೊರಗಿನಿಂದ ಹೊಳೆಯುತ್ತಿರುತ್ತದೆ, ಒಳಗೆ ಗೋಡೆ ಎಷ್ಟು ಸವೆದಿದೆ ಅಂತ ಹೊಳಪು ಹೇಳುವುದಿಲ್ಲ. ಹೊಸ ಕೇಸ್‌ಗೆ ಕೊಡುವ ದುಡ್ಡು ವ್ಯರ್ಥ ಅಲ್ಲ ಅಂತ ನಾನು ಹೇಳುವುದು ಈ ಕಾರಣಕ್ಕೆ. ಆ ದುಡ್ಡಿಗೆ ಸಿಗುವುದು ಮೊದಲ ದಿನದಿಂದ ಲೆಕ್ಕ ಗೊತ್ತಿರುವ ಹಿತ್ತಾಳೆ.

ಕೇಸ್ ಕೈಕೊಡುವ ಹಂತಕ್ಕೆ ಬಂದಿದೆ ಅಂತ ಹೇಗೆ ತಿಳಿಯುವುದು?

ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಮೊದಲು ಬಾಯಿ ಮತ್ತು ಕುತ್ತಿಗೆ. ಹೊಡೆದಾಗ ಹಿಗ್ಗಿ, ಡೈಯಲ್ಲಿ ಕುಗ್ಗಿ, ಮತ್ತೆ ಹಿಗ್ಗಿ ಕುತ್ತಿಗೆ ಪೆಡಸಾಗುತ್ತದೆ. ಆಮೇಲೆ ಉದ್ದುದ್ದ ಸೀಳುತ್ತದೆ. ಸಣ್ಣ ಸೀಳು ಮೊದಲು ಕಪ್ಪು ಗೆರೆಯಂತೆ ಕಾಣುತ್ತದೆ, ಉಗುರಿಗೆ ಸಿಗುತ್ತದೆ. ಇದು ಅಷ್ಟು ಅಪಾಯದ್ದಲ್ಲ, ಆದರೆ ಆ ಕೇಸ್ ಮುಗಿಯಿತು.

ಅಪಾಯ ಇರುವುದು ಬುಡದ ಹತ್ತಿರ. ಬುಡದಿಂದ ಅರ್ಧ ಅಥವಾ ಒಂದು ಸೆಂಟಿಮೀಟರ್ ಮೇಲೆ, ದಪ್ಪ ಭಾಗ ಮುಗಿದು ತೆಳು ಗೋಡೆ ಶುರುವಾಗುವ ಜಾಗದಲ್ಲಿ, ಸುತ್ತಲೂ ಬೆಳ್ಳಗೆ ಹೊಳೆಯುವ ಒಂದು ಬಳೆ ಕಾಣಿಸಬಹುದು. ಡೈ ಉಜ್ಜಿದ ಗುರುತೂ ಸುಮಾರು ಹಾಗೇ ಇರುವುದರಿಂದ ಕಣ್ಣನ್ನು ಮಾತ್ರ ನಂಬಬೇಡಿ. ಒಂದು ತೆಳು ತಂತಿಯ ತುದಿಯನ್ನು ಚೂಪು ಮಾಡಿ, ಚಿಕ್ಕ ಕೊಕ್ಕೆಯಂತೆ ಬಗ್ಗಿಸಿ. ಕೇಸ್ ಒಳಗೆ ಬುಡದ ತನಕ ಇಳಿಸಿ, ಗೋಡೆಗೆ ಒತ್ತಿಕೊಂಡು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಒಳ್ಳೆಯ ಕೇಸ್‌ನಲ್ಲಿ ತುದಿ ನುಣ್ಣಗೆ ಜಾರುತ್ತದೆ. ಕೆಟ್ಟದ್ದರಲ್ಲಿ ಒಂದು ಕಡೆ ಗಕ್ಕನೆ ಹಳ್ಳಕ್ಕೆ ಬೀಳುತ್ತದೆ. ಆ ಹಳ್ಳ ಅಂದರೆ ಗೋಡೆ ಅಲ್ಲಿ ಎಳೆದೆಳೆದು ತೆಳುವಾಗಿದೆ ಅಂತ. ಇನ್ನೊಮ್ಮೆ ಹೊಡೆದರೆ ಬುಡ ಒಂದು ಕಡೆ, ಮೈ ಒಂದು ಕಡೆ ಆಗಬಹುದು. ಬೋಲ್ಟ್ ಎಳೆದಾಗ ಬುಡ ಮಾತ್ರ ಬರುತ್ತದೆ, ಉಳಿದದ್ದು ಚೇಂಬರಿನಲ್ಲೇ ಕೂರುತ್ತದೆ. ಅದಕ್ಕಿಂತ ಕೆಟ್ಟದ್ದು, ಬಿಸಿ ಗಾಳಿ ಹಿಂದಕ್ಕೆ ನುಗ್ಗುವುದು. ಕಣ್ಣಿಗೆ ಕನ್ನಡಕ ಯಾಕೆ ಬೇಕು ಅಂತ ಕೇಳುವವರಿಗೆ ಇದೇ ಉತ್ತರ.

ಕೊನೆಗೆ ಪ್ರೈಮರಿನ ಗುಳಿ. ಹೊಸ ಪ್ರೈಮರ್ ಒತ್ತಿದಾಗ ಬಿಗಿಯಾಗಿ ಕೂರಬೇಕು. ಸಲೀಸಾಗಿ ಜಾರಿ ಒಳಗೆ ಹೋದರೆ ಬುಡ ಹಿಗ್ಗಿದೆ ಅಂತ ಅರ್ಥ. ಅದು ಮದ್ದು ಜಾಸ್ತಿ ತುಂಬುತ್ತಿರುವುದರ ಗುರುತೂ ಆಗಿರಬಹುದು.

ಪಾಯಿಂಟ್ 315 ಕೇಸ್‌ಗಳು ಬೇಗ ಹಾಳಾಗುತ್ತವೆ ಅಂತಾರಲ್ಲ?

315 ನಮ್ಮ ದೇಶದ ಜನರ ರೈಫಲ್. 303 ಸೇನೆಯ ಬೋರ್ (ನಳಿಗೆಯ ಅಳತೆ) ಆದ್ದರಿಂದ ನಿಷೇಧಿತ ಪಟ್ಟಿಯಲ್ಲಿದೆ, ಅದರ ಜಾಗದಲ್ಲಿ 315 ಬಂತು. ಎರಡರ ಕೇಸ್‌ಗೂ ಬುಡದಲ್ಲಿ ಹೊರಚಾಚಿದ ಅಂಚು ಇದೆ. ಕೇಸ್ ಚೇಂಬರಿನಲ್ಲಿ ನಿಲ್ಲುವುದು ಆ ಅಂಚಿನ ಮೇಲೆ. ಹಾಗಾಗಿ ಭುಜದ ಹತ್ತಿರ ಜಾಗ ಸ್ವಲ್ಪ ಜಾಸ್ತಿ ಇದ್ದರೂ ತೋಟಾ ಹೊಡೆಯುತ್ತದೆ. ಹಳೆಯ ಸೇನಾ ರೈಫಲ್‌ಗಳಲ್ಲಿ ಕೆಸರು, ಧೂಳಿನಲ್ಲೂ ಕೆಲಸ ಆಗಲಿ ಅಂತ ಚೇಂಬರನ್ನು ಸಡಿಲವಾಗಿಯೇ ಕೊರೆಯುತ್ತಿದ್ದರು.

ಇದರ ಹೊರೆ ಕೇಸ್ ಮೇಲೆ ಬೀಳುತ್ತದೆ. ಹೊಡೆದಾಗ ಭುಜ ಮುಂದಕ್ಕೆ ಚಿಮ್ಮುತ್ತದೆ, ಡೈಯಲ್ಲಿ ಹಾಕಿ ಪೂರ್ತಿ ಒತ್ತಿದಾಗ ಹಿಂದಕ್ಕೆ ಬರುತ್ತದೆ. ಪ್ರತಿ ಸಲ ಬುಡದ ಹತ್ತಿರದ ಗೋಡೆ ಎಳೆದುಕೊಳ್ಳುತ್ತದೆ. ಇಂಥ ರೈಫಲ್ ಇರುವವರು ಮೊದಲ ಸಲ ಹೊಡೆದ ಕೇಸನ್ನು ಅದೇ ರೈಫಲ್‌ಗೆ ಮೀಸಲಿಟ್ಟು, ಕುತ್ತಿಗೆ ಮಾತ್ರ ಒತ್ತಿದರೆ ಆಯುಷ್ಯ ಎಷ್ಟೋ ಹೆಚ್ಚುತ್ತದೆ.

ಒಂದು ಕೇಸನ್ನು ಎಷ್ಟು ಸಲ ತುಂಬಬಹುದು?

ಒಂದೇ ಸಂಖ್ಯೆ ಹೇಳಲು ಬರುವುದಿಲ್ಲ. ಸಾಧಾರಣ ಒತ್ತಡದ ತೋಟಾ, ಬಿಗಿ ಚೇಂಬರ್, ಒಳ್ಳೆಯ ಹಿತ್ತಾಳೆ ಆದರೆ ಹತ್ತು ಸಲ ದಾಟುವುದುಂಟು. ಸಡಿಲ ಚೇಂಬರ್, ಖಾರದ ಮದ್ದು ಆದರೆ ಮೂರು ನಾಲ್ಕಕ್ಕೇ ಮುಗಿಯುವುದುಂಟು. ಒಟ್ಟಿಗೆ ಕೊಂಡ ಕೇಸ್‌ಗಳನ್ನು ಒಂದೇ ಡಬ್ಬದಲ್ಲಿಡಿ, ಪ್ರತಿ ಸಲ ಹೊಡೆದಾಗ ಮೇಲಿನ ಚೀಟಿಯಲ್ಲಿ ಒಂದು ಗೆರೆ ಎಳೆಯಿರಿ. ಒಂದು ಡಬ್ಬದಲ್ಲಿ ಎರಡು ಮೂರು ಕೇಸ್ ಸೀಳಿದರೆ ಉಳಿದವುಗಳ ಸರದಿಯೂ ಹತ್ತಿರ ಇದೆ ಅಂತ ತಿಳಿದುಕೊಳ್ಳಿ.

ಉದ್ದ ಅಳೆಯಬೇಕು ಅಂದಿರಿ. ಕೇಸ್ ಉದ್ದ ಆಗುತ್ತದಾ?

ಆಗುತ್ತದೆ. ಲೋಹ ಸ್ವಲ್ಪ ಸ್ವಲ್ಪವೇ ಬಾಯಿಯ ಕಡೆ ಹರಿಯುತ್ತದೆ. ಪಾಯಿಂಟ್ 30-06 ಕೇಸ್ 63.3 ಮಿಲಿಮೀಟರಿಗಿಂತ ಉದ್ದ ಇರಬಾರದು. ಮಿತಿ ಮೀರಿದರೆ ಬಾಯಿ ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಒತ್ತಡ ಎಲ್ಲಿಂದ ಎಲ್ಲಿಗೋ ಏರುತ್ತದೆ. ಕತ್ತರಿಸಿ ಸರಿ ಮಾಡಿಕೊಂಡರಾಯಿತು.

ಪೆಡಸಾದ ಕೇಸನ್ನು ಬಿಸಿ ಮಾಡಿ ಮೆತ್ತಗೆ ಮಾಡಬಹುದಂತೆ?

ಕುತ್ತಿಗೆ ಮತ್ತು ಭುಜವನ್ನು ಮಾತ್ರ. ಕಾರ್ಖಾನೆಯಲ್ಲೂ ಹಾಗೆ ಮಾಡುತ್ತಾರೆ. ಸೇನೆಯ ಕೇಸ್‌ಗಳ ಕುತ್ತಿಗೆಯಲ್ಲಿ ನೀಲಿ ಕಂದು ಬಣ್ಣದ ಛಾಯೆ ಕಾಣುವುದು ಆ ಬಿಸಿಯ ಗುರುತು. ಮಾರುಕಟ್ಟೆಗೆ ಬರುವ ಹೆಚ್ಚಿನ ಕೇಸ್‌ಗಳಲ್ಲಿ ಅದನ್ನು ಉಜ್ಜಿ ತೆಗೆದಿರುತ್ತಾರೆ.

ಬುಡಕ್ಕೆ ಬಿಸಿ ತಾಗಲೇಬಾರದು. ಬುಡ ಮೆತ್ತಗಾದರೆ ಆ ಒತ್ತಡ ತಡೆಯುವುದಿಲ್ಲ, ಮತ್ತೆ ಗಟ್ಟಿ ಮಾಡಲು ಮನೆಯಲ್ಲಿ ದಾರಿಯೂ ಇಲ್ಲ. ಕೇಸ್‌ಗಳನ್ನು ಒಲೆಗೆ ಹಾಕಿ ಕಾಯಿಸಿದರೆ ಅವು ಗುಜರಿಗೆ ಮಾತ್ರ ಯೋಗ್ಯ.

ಸೇನೆಯ ಕೇಸ್ ಗಟ್ಟಿ ಅಂತಾರೆ. ಅದೇ ಒಳ್ಳೆಯದಲ್ವಾ?

ಕೊಡಗಿನಲ್ಲಿ ಮನೆಗೊಬ್ಬರು ಸೇನೆಯಲ್ಲಿದ್ದವರು, ಹಾಗಾಗಿ ಈ ಪ್ರಶ್ನೆ ಬಂದೇ ಬರುತ್ತದೆ. ಸೇನೆಯ ಕೇಸ್‌ಗಳ ಗೋಡೆ ಎಷ್ಟೋ ಸಲ ದಪ್ಪ. ಗೋಡೆ ದಪ್ಪ ಆದರೆ ಒಳಗಿನ ಜಾಗ ಕಡಿಮೆ. ತೆಳು ಕೇಸ್‌ಗೆ ಸರಿಹೋಗುವ ಅದೇ ಮದ್ದು ಇಲ್ಲಿ ಒತ್ತಡ ಹೆಚ್ಚಿಸುತ್ತದೆ. ಪ್ರೈಮರ್ ಸುತ್ತ ಬಿಗಿ ಹೊಡೆದಿರುವುದರಿಂದ ಅದನ್ನು ತೆಗೆದ ಮೇಲೆ ಗುಳಿಯ ಅಂಚು ಸವರಬೇಕಾಗುತ್ತದೆ.

ಪ್ರೈಮರಿನಲ್ಲೂ ಎರಡು ಜಾತಿ. ಬಾಕ್ಸರ್ ಬಗೆಯಲ್ಲಿ ಕೇಸ್ ಒಳಗೆ ನೋಡಿದರೆ ನಡುವೆ ಒಂದೇ ತೂತು, ಅದನ್ನು ಸುಲಭವಾಗಿ ತಳ್ಳಿ ತೆಗೆಯಬಹುದು. ಬರ್ಡಾನ್ ಬಗೆಯಲ್ಲಿ ಎರಡು ಸಣ್ಣ ತೂತು ಪಕ್ಕಕ್ಕಿರುತ್ತವೆ. ಸಾಮಾನ್ಯ ಡೈಯ ಪಿನ್ನು ಅಲ್ಲಿ ಮುರಿಯುತ್ತದೆ. ಎಡ್ವರ್ಡ್ ಬಾಕ್ಸರ್ ಇಂಗ್ಲಿಷರವನು, ಆದರೆ ಅವನ ಪ್ರೈಮರ್ ಅಮೆರಿಕದಲ್ಲಿ ನಿಂತಿತು. ಹೈರಮ್ ಬರ್ಡಾನ್ ಅಮೆರಿಕದವನು, ಅವನದ್ದು ಯುರೋಪಿನಲ್ಲಿ ಹರಡಿತು.

ಬುಡದಲ್ಲಿ ಕೆ.ಎಫ್. ಅಂತ ಕೊರೆದಿದ್ದರೆ ಅದು ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯದು. 1869ರಿಂದ ಇರುವ ಕಾರ್ಖಾನೆ ಅದು.

ಹೊಸ ಕೇಸ್‌ಗೂ ಹೊಡೆದ ಕೇಸ್‌ಗೂ ಮದ್ದಿನ ಅಳತೆ ಒಂದೇನಾ?

ಒಂದೇ ಅಂತ ಊಹೆ ಮಾಡಬೇಡಿ. ಹೊಡೆದು ಹಿಗ್ಗಿದ ಕೇಸ್‌ನಲ್ಲಿ ಜಾಗ ಸ್ವಲ್ಪ ಜಾಸ್ತಿ. ಕಂಪನಿಯಿಂದ ಕಂಪನಿಗೂ ವ್ಯತ್ಯಾಸ ಇದೆ. ಕೇಸ್ ಬದಲಾದರೆ ಪುಸ್ತಕದಲ್ಲಿರುವ ಅತಿ ಕಡಿಮೆ ಅಳತೆಯಿಂದ ಮತ್ತೆ ಶುರು ಮಾಡಬೇಕು. ಹೊಸದು, ಹಳೆಯದು, ಬೇರೆ ಬೇರೆ ಗುರುತಿನದು ಒಂದೇ ಡಬ್ಬದಲ್ಲಿ ಬೆರೆಸಲೇಬೇಡಿ.

ಗುರಿ ಯಾವುದರಲ್ಲಿ ಚೆನ್ನಾಗಿ ಬರುತ್ತದೆ?

ಇಂಚಿನ ಸಣ್ಣ ಭಾಗಕ್ಕೂ ಲೆಕ್ಕ ಹಾಕುವ ಸ್ಪರ್ಧಿಗಳು ತಮ್ಮ ಚೇಂಬರಿನಲ್ಲಿ ಹೊಡೆದು ಹದಕ್ಕೆ ಬಂದ ಕೇಸನ್ನೇ ಬಳಸುತ್ತಾರೆ. ಉಳಿದ ನಮಗೆ ಒಳ್ಳೆಯ ಹೊಸ ಕೇಸ್ ಮೊದಲ ಸಲವೇ ಸಾಕಷ್ಟು ಗುಂಪಾಗಿ, ಅಂದರೆ ಗುಂಡುಗಳು ಹತ್ತಿರ ಹತ್ತಿರ ಬೀಳುವಂತೆ, ಹೊಡೆಯುತ್ತದೆ. ತೆಂಗಿನಕಾಯಿ ತಪ್ಪಿದರೆ ಅದಕ್ಕೆ ಕೇಸ್ ಕಾರಣ ಆಗಿರುವುದು ಬಲು ಅಪರೂಪ.

ನಮ್ಮ ಮಳೆಗಾಲದಲ್ಲಿ ಹಿತ್ತಾಳೆ ಹಾಳಾಗುತ್ತದಾ?

ಇದು ನನಗೆ ಬಹಳ ಇಷ್ಟದ ವಿಷಯ, ಯಾಕೆಂದರೆ ಇದರ ಚರಿತ್ರೆಯೇ ನಮ್ಮ ದೇಶದ ಮಳೆಯದು. ಬ್ರಿಟಿಷರ ಕಾಲದಲ್ಲಿ ಭಾರತದ ಕುದುರೆ ಪಡೆಗಳು ಮಳೆಗಾಲದಲ್ಲಿ ತೋಟಾಗಳನ್ನು ಲಾಯದಲ್ಲಿ ಇಡುತ್ತಿದ್ದವು. ಮಳೆ ಮುಗಿದ ಮೇಲೆ ನೋಡಿದರೆ ಯಾರೂ ಹೊಡೆಯದ ತೋಟಾಗಳ ಕೇಸ್ ತಾವಾಗಿಯೇ ಬಿರಿದಿರುತ್ತಿದ್ದವು. ಕಾರಣ ತುಂಬಾ ಕಾಲ ಸರಿಯಾಗಿ ತಿಳಿದಿರಲಿಲ್ಲ. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಅನ್ನುವವರು ಅದನ್ನು ವಿವರಿಸಿದರು. ಕುದುರೆ ಮೂತ್ರದಿಂದ ಏಳುವ ಅಮೋನಿಯ, ಗಾಳಿಯ ತೇವ, ಮತ್ತು ಎಳೆದು ತಯಾರಿಸುವಾಗ ಹಿತ್ತಾಳೆಯೊಳಗೆ ಉಳಿದ ಬಿಗುವು, ಈ ಮೂರೂ ಸೇರಿದಾಗ ಲೋಹ ಸೀಳುತ್ತದೆ. ಹದವಾಗಿ ಕಾಯಿಸಿ ಆ ಬಿಗುವನ್ನು ಇಳಿಸಿದರೆ ಬಿರುಕು ನಿಲ್ಲುತ್ತದೆ.

ಕುದುರೆ ಲಾಯ ಈಗ ಇಲ್ಲ. ಆದರೆ ದನದ ಕೊಟ್ಟಿಗೆ ಇದೆ, ತೋಟದ ಗೊಬ್ಬರದ ಗೋದಾಮು ಇದೆ. ಯೂರಿಯಾ, ಅಮೋನಿಯಂ ಸಲ್ಫೇಟ್ ಚೀಲದ ಪಕ್ಕ ತೋಟಾ ಪೆಟ್ಟಿಗೆ ಇಡುವುದು ಅಂದರೆ ಅದೇ ತಪ್ಪನ್ನು ಮತ್ತೆ ಮಾಡುವುದು. ಭಾಗಮಂಡಲದ ಕಡೆಯ ಮಳೆಯಲ್ಲಿ ಚರ್ಮದ ಬೆಲ್ಟಿನಲ್ಲಿ ತೋಟಾ ಬಿಟ್ಟರೂ ಹಸಿರು ಕಿಲುಬು ಬರುತ್ತದೆ. ಮುಚ್ಚಳ ಬಿಗಿಯಾದ ಪೆಟ್ಟಿಗೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಮನೆಯ ಒಣ ಕೋಣೆ, ಬೀಗ. ಇಷ್ಟು ಸಾಕು.

ಹುಣಸೆಹುಳಿ ಹಾಕಿ ಉಜ್ಜಬಹುದಾ? ದೀಪ ತೊಳೆಯುವ ಹಾಗೆ?

ಖಾಲಿ ಕೇಸಾದರೆ ತೆಳು ಹುಳಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆಯಬಹುದು. ಉಪ್ಪು ಬೆರೆಸಬೇಡಿ. ಜಾಸ್ತಿ ಹೊತ್ತು ಬಿಟ್ಟರೆ ಸತು ಕರಗಿ ಮೈ ನಸುಗೆಂಪಾಗುತ್ತದೆ, ಲೋಹ ದುರ್ಬಲ ಆಗುತ್ತದೆ. ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಅಮೋನಿಯ ಇರುವ ಪಾಲಿಶ್ ಬೇಡವೇ ಬೇಡ, ಕಾರಣ ಮೇಲೆಯೇ ಇದೆ. ಅಡುಗೆಯ ಪಾತ್ರೆ ಬಳಸಬೇಡಿ. ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ಮಕ್ಕಳನ್ನು ದೂರ ಇಡಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಅಟ್ಟದ ಮೇಲೆ ಅಜ್ಜನ ಕಾಲದ ತೋಟಾ ಸಿಕ್ಕಿದೆ. ಗುಂಡು ಕಿತ್ತು ಕೇಸ್ ಇಟ್ಟುಕೊಳ್ಳಬಹುದಾ?

ಕೀಳಬೇಡಿ, ಹೊಡೆಯಲೂ ಬೇಡಿ. ಹಳೆಯ ಕೆಲವು ಪ್ರೈಮರುಗಳಲ್ಲಿ ಪಾದರಸದ ಮಸಾಲೆ ಇತ್ತು, ಅದು ಹಿತ್ತಾಳೆಯನ್ನು ಪುಡಿಯಾಗುವಂತೆ ಮಾಡುತ್ತದೆ. ಕ್ಲೋರೇಟ್ ಇರುವ ಪ್ರೈಮರುಗಳ ಉಪ್ಪು ನಳಿಗೆಯೊಳಗೆ ತೇವ ಎಳೆದು, ನಮ್ಮ ಹವೆಯಲ್ಲಿ ಒಂದೇ ರಾತ್ರಿಗೆ ತುಕ್ಕು ತರುತ್ತದೆ. ಅಂಥದ್ದು ಸಿಕ್ಕರೆ ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸಿ.

ವಿದೇಶದಲ್ಲಿರುವ ತಮ್ಮ ಒಂದು ಡಬ್ಬ ಹೊಸ ಕೇಸ್ ತರುತ್ತೇನೆ ಅಂತಿದ್ದಾನೆ. ತರಲಾ?

ಬೇಡ ಅಂತ ಹೇಳಿ. ಖಾಲಿ ಕೇಸ್ ಕೂಡ ಸ್ಕ್ಯಾನರಿನಲ್ಲಿ ಕಾಣುತ್ತದೆ, ವಿಮಾನ ನಿಲ್ದಾಣದಲ್ಲಿ ಹಿಡಿದರೆ ಆಯುಧ ಕಾಯ್ದೆಯ ಕೇಸು ಬೀಳಬಹುದು. ಇಲ್ಲಿಂದ ಹೊರಡುವವರೂ ಸ್ಪರ್ಧೆಗೆ ಒಯ್ದ ಬ್ಯಾಗು, ಜಾಕೆಟ್ಟಿನ ಜೇಬು ಎಲ್ಲ ಕೊಡವಿ ನೋಡಿ. ಮೂಲೆಯಲ್ಲಿ ಒಂದು ಖಾಲಿ ಕೇಸ್ ಉಳಿದಿದ್ದರೂ ಆ ದಿನದ ಪ್ರಯಾಣ ತಪ್ಪುತ್ತದೆ.